ಎಲ್ಲ ಹಡಗಿನಲ್ಲೂ ಅದೇ ಸದ್ದು

ಹಲೋ... ಯಾರು ಮಾತಾಡ್ತಿರೋದು? ಇದು ಅಪ್ಪನ ಫೋನ್ ಅಲ್ವಾ?

...

ಅಕ್ಕಾ, ನೀನಾ? ಗುರುತೇ ಸಿಗ್ಲಿಲ್ಲ. ನೆಗಡಿ ಆಗಿದ್ಯಾ? ಸರಿ, ಅಪ್ಪಂಗೆ ಕೊಡು. ಭಾನುವಾರ ನಾಲ್ಕು ಗಂಟೆ ಅಂದ್ರೆ ಆಸ್ಪತ್ರೆ ಹಾಸಿಗೇಲೂ ಫೋನ್ ಹಿಡ್ಕೊಂಡು ಎದ್ದು ಕೂತಿರ್ತಾರೆ, ಬೇರೆಯವರ ಕೈಗೆ ಕೊಡೋರೇ ಅಲ್ಲ. ಇವತ್ತೇನು, ನೀನು ಕಿತ್ಕೊಂಡ್ಯಾ?

...

ಹಾಂ? ಈ ಸದ್ದಾ? ಗಾಳಿ ಕಣಕ್ಕಾ. ಹಾಯಿ ಹಡಗು ಅಲ್ವಾ ಇದು. ಮೂರು ಕಂಬ, ಮೇಲೆ ಬಟ್ಟೆ ಹೊಡ್ಕೊಳ್ತಿದೆ. ಹೋದ ವಾರ ಅಪ್ಪಂಗೆ ಹೇಳಿದ್ನಲ್ಲ, ನನ್ನನ್ನ ಹೊಸ ಹಡಗಿಗೆ ಹಾಕಿದಾರೆ, ಮುಂದಿನ ವಾರ ಅದರ ಕಥೆ ಅಂತ. ಮೊದಲು ಊರಿನಷ್ಟು ದೊಡ್ಡ ಹಡಗು. ಆಮೇಲೆ ನದಿ ಹಡಗು, ದಡದಲ್ಲಿ ಜನ ಬಟ್ಟೆ ಒಣಹಾಕೋದು ಕಾಣ್ಸುತ್ತೆ ಅಂದಿದ್ದೆ ನೋಡು, ಅದು. ಆಮೇಲೆ ಮಂಜುಗಡ್ಡೆ ಕಡೆ ಹೋಗೋ ಹಡಗು. ತಿಮಿಂಗಿಲ ಉಸಿರು ಬಿಟ್ಟಿದ್ದನ್ನ ಎರಡು ಸಲ ಹೇಳಿಸ್ಕೊಂಡ್ರು. ಕೊಡು, ಕೊಡು.

...

ಅಕ್ಕಾ? ಯಾಕೆ ಅಳ್ತಿದೀಯ?

...

ಏನಾಯ್ತು ಹೇಳು.

...

ಅಪ್ಪ ಹೋಗ್ಬಿಟ್ರಾ? ಯಾವಾಗ?

...

ನಾಲ್ಕೂವರೆಗೆ ಅಂದ್ರೆ? ಈಗಿನ್ನೂ ನಾಲ್ಕು. ನನ್ನ ವಾಚಲ್ಲಿ ಬೆಳಿಗ್ಗೆ ಹತ್ತೂವರೆ. ಇಲ್ಲಿ ಹತ್ತೂವರೆ ಅಂದ್ರೆ ಅಲ್ಲಿ ಸಂಜೆ ನಾಲ್ಕು ತಾನೆ?

...

ಐದಾ? ಸರಿಯಾಗಿ ನೋಡು. ಗೋಡೆ ಗಡಿಯಾರ ನೋಡು.

...

ಅಯ್ಯೋ. ನಿನ್ನೆ ಗಡಿಯಾರ ಹಿಂದಕ್ಕೆ ಇಟ್ರು ಅಕ್ಕಾ. ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಹಡಗಲ್ಲಿ ಒಂದೊಂದು ಗಂಟೆ ಹಿಂದಕ್ಕೆ ಇಡ್ತಾರೆ. ಪ್ರಯಾಣಿಕರಿಗೆ ಒಂದು ಗಂಟೆ ನಿದ್ದೆ ಪುಕ್ಕಟೆ ಸಿಕ್ತು ಅಂತ ಖುಷಿ. ನಾನೂ ಎಲ್ಲರ ಜೊತೆ ವಾಚು ತಿರುಗಿಸ್ದೆ. ಮನೆಯ ನಾಲ್ಕು ಗಂಟೆ ಇನ್ಮೇಲೆ ಇಲ್ಲಿ ಒಂಬತ್ತೂವರೆಗೇ ಬರುತ್ತೆ ಅಂತ ತಲೆಗೇ ಹೋಗ್ಲಿಲ್ಲ. ಒಂಬತ್ತೂವರೆಗೆ ನಾನು ಕಾಲು ಚಾಚ್ಕೊಂಡು ಚಹಾ ಕುಡೀತಿದ್ದೆ.

...

ಕಾಯ್ತಿದ್ರಾ?

...

ಅರ್ಧ ಗಂಟೆ. ಫೋನ್ ಎದೆ ಮೇಲೆ ಇಟ್ಕೊಂಡು.

...

ಬೇಡ ಅಕ್ಕಾ, ಸಮಾಧಾನ ಹೇಳ್ಬೇಡ. ತಪ್ಪು ನಂದೇ. ಇನ್ನೊಂದಿದೆ, ಕೇಳು. ಇವತ್ತು ಅಪ್ಪಂಗೆ ನಿಜ ಹೇಳ್ಬಿಡಬೇಕು ಅಂತಿದ್ದೆ. ಹಾಯಿ ಹಡಗೂ ಇಲ್ಲ, ನದಿ ಹಡಗೂ ಇಲ್ಲ. ನಾಲ್ಕು ವರ್ಷದಿಂದ ಒಂದೇ ಹಡಗು. ಅದೇ, ಊರಿನಷ್ಟು ದೊಡ್ಡದು. ಅದರ ತಳದಲ್ಲಿ ಬಟ್ಟೆ ಒಗೆಯೋ ಕೋಣೆ, ಒಂದು ಕಿಟಕೀನೂ ಇಲ್ಲ. ಮೆಷಿನ್ನಿಗೆ ಹಾಕೋ ಮುಂಚೆ ಜೇಬು ನೋಡೋದು ನನ್ನ ಕೆಲಸ. ಜೇಬಲ್ಲಿ ಬೇರೆ ಹಡಗುಗಳ ಬಣ್ಣದ ಜಾಹೀರಾತು ಕಾಗದ ಸಿಗುತ್ತೆ, ಮುಂದಿನ ರಜೆಗೆ ಯಾವುದು ಹತ್ತೋಣ ಅಂತ ಇಟ್ಕೊಂಡಿರ್ತಾರೆ. ಅದನ್ನ ಇಸ್ತ್ರಿ ಹಾಕೋ ಜಾಗದಲ್ಲಿ ಕೂತು ಓದಿ ಓದಿ ಅಪ್ಪಂಗೆ ಹೇಳ್ತಿದ್ದೆ. ನಿಮ್ಮ ಮಿಲ್ಲಿನ ಕೆಲಸ ನಂಗೆ ಬೇಡ, ಸಮುದ್ರ ನೋಡ್ಬೇಕು ಅಂತ ಅಪ್ಪನ ಹತ್ರ ಜಗಳ ಆಡಿ ಬಂದೋನು ನಾನು. ಸಮುದ್ರದಲ್ಲೇ ಇದೀನಿ, ಸಮುದ್ರ ಕಾಣಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?

...

ಏನು?

...

ಅಪ್ಪಂಗೆ ಗೊತ್ತಿತ್ತಾ? ಯಾರು ಹೇಳಿದ್ರು, ನೀನಾ? ನಿಂಗೂ ನಾನು ಹೇಳಿರ್ಲಿಲ್ವಲ್ಲ.

...

ಸದ್ದು ಕೇಳಿ? ಫೋನಲ್ಲಿ?

...

ಹಾಂ... ಮಿಲ್ಲಲ್ಲಿ ಅವರನ್ನ ಕಿವಿ ಮೇಸ್ತ್ರಿ ಅಂತಿದ್ರು ಅಲ್ವಾ. ಮೆಷಿನ್ ಮುಟ್ಟೋರಲ್ಲ, ಬಾಗಿಲಲ್ಲಿ ನಿಂತು ಕಿವಿಗೊಟ್ಟು ಎಲ್ಲಿ ಕೆಟ್ಟಿದೆ ಅಂತ ಹೇಳೋರು. ಅವರ ಹತ್ರ ಸುಳ್ಳು ಹೇಳೋಕೆ ಹೊರಟಿದ್ನಲ್ಲ. ನದಿ ಹಡಗಲ್ಲೂ ಅದೇ ಟಕ್ ಟಕ್, ಮಂಜಿನ ಹಡಗಲ್ಲೂ ಅದೇ ಟಕ್ ಟಕ್. ನಾನು ಗಾಳಿ, ಗಾಳಿ ಅಂತ ಬುರುಡೆ ಬಿಟ್ಕೊಂಡು... ಬೈದ್ರಾ ಅಕ್ಕಾ?

...

ಕಥೆ ಚೆನ್ನಾಗಿ ಹೇಳ್ತಾನೆ, ಹೇಳ್ಲಿ ಬಿಡು ಅಂತಾ?

...

ಪಕ್ಕದ ಹಾಸಿಗೆಯವರಿಗೂ ಹೇಳ್ತಿದ್ರಾ? ತಿಮಿಂಗಿಲಾನೂ? ಸುಳ್ಳು ಅಂತ ಗೊತ್ತಿದ್ದೂ?

...

ಇವತ್ತು ಏನಂದ್ರು? ನಿಧಾನವಾಗಿ ಹೇಳು. ಅವರು ಹೇಳಿದ ಹಾಗೇ ಹೇಳು.

...

ಒಂದು ಮೆಷಿನ್ನಿನ ಬೇರಿಂಗ್ ಸವೆದುಹೋಗಿದೆ, ಬದಲಾಯಿಸೋಕೆ ಹೇಳು ಅನ್ನು ಅವನಿಗೆ. ಅಲ್ಲಿವರೆಗೆ ಅದರ ಪಕ್ಕ ನಿಲ್ಬೇಡ ಅನ್ನು. ಇಷ್ಟೇನಾ?

...

ಇಷ್ಟೇ.

...

ಇದೀನಿ ಅಕ್ಕಾ, ಇದೀನಿ. ಅದು ಮೂರನೇ ಮೆಷಿನ್ನು. ಇಲ್ಲಿ ಎಲ್ಲರೂ ಅದನ್ನ ಕುಂಟ ಅಂತೀವಿ. ಅದರ ಪಕ್ಕದ ಗೋಡೇಲೇ ಈ ಫೋನು. ಆರು ತಿಂಗಳಿಂದ ಕುಂಟ್ತಿದೆ, ಇಲ್ಲಿನ ಮೆಕ್ಯಾನಿಕ್ಕಿಗೆ ಇವತ್ತಿಗೂ ಗೊತ್ತಾಗಿಲ್ಲ. ಅಪ್ಪಂಗೆ ಅಲ್ಲಿ ಮಲಗಿದ ಜಾಗದಲ್ಲೇ...

...

ಇಲ್ಲ, ಬರೋಕಾಗಲ್ಲ. ದಡ ಸಿಗೋಕೆ ಇನ್ನೂ ಐದು ದಿನ ಬೇಕು. ನಂಗೋಸ್ಕರ ಕಾಯಿಸ್ಬೇಡಿ. ಇವತ್ತು ಕಾಯ್ಸಿದ್ದೇ ಸಾಕು.

...

ಇನ್ನೂ ಹಾಸಿಗೆ ಮೇಲೇ ಇದಾರಾ? ನೀನು ಪಕ್ಕದಲ್ಲೇ ಇದೀಯ ಅಲ್ವಾ? ಫೋನ್ ಕಾರ್ಡಲ್ಲಿ ಒಂದೇ ನಿಮಿಷ ಉಳಿದಿದೆ ಅಂತಿದೆ ಫೋನು. ಅಕ್ಕಾ, ಒಂದು ಕೆಲಸ ಮಾಡು. ಫೋನ್ ಅವರ ಕಿವಿ ಹತ್ರ ಇಡು.

...

ಗೊತ್ತು ನಂಗೆ, ಕೇಳಿಸಲ್ಲ. ಆದ್ರೂ ಇಡು.

...

ಇಟ್ಯಾ?

...

ಅಪ್ಪಾ, ನಾನು. ತಡ ಆಯ್ತು. ಹಡಗಿನ ಕಥೆ ಹೇಳ್ತೀನಿ ಅಂದಿದ್ನಲ್ಲ, ಇದು ನಿಜವಾದ ಹಡಗು. ನಾಲ್ಕು ಮೆಷಿನ್ನು, ಬಿಸಿ ನೆಲ, ಎಲ್ಲೆಲ್ಲೂ ಸಾಬೂನಿನ ವಾಸನೆ. ಸಮುದ್ರ ಕಾಣಲ್ಲ. ಆದ್ರೆ ಗೋಡೆಗೆ ಕಿವಿ ಇಟ್ರೆ ಕೇಳಿಸುತ್ತೆ ಅಪ್ಪಾ, ನೀವು ಬಂದಿದ್ರೆ ನೀರು ಎಷ್ಟು ಆಳ ಇದೆ ಅಂತಾನೂ ಹೇಳ್ಬಿಡ್ತಿದ್ರಿ. ಇರಿ, ಒಂದು ಕ್ಷಣ ಇರಿ.

...

ನಿಲ್ಲಿಸ್ದೆ. ಕುಂಟನ್ನ ನಿಲ್ಲಿಸ್ದೆ. ಸದ್ದು ನಿಂತಿದೆ ಅಲ್ವಾ? ಅದರ ಪಕ್ಕ ನಿಲ್ಲಲ್ಲ ಅಪ್ಪಾ. ಇವತ್ತೇ ಹೇಳ್ತೀನಿ, ಬೇರಿಂಗ್ ಹೋಗಿದೆ, ನಮ್ಮಪ್ಪ ಹೇಳಿದಾರೆ ಅಂ...