ಸಾಹೇಬರ ವೇಗ

ಬಾಂದ್ರಾ ಕೋರ್ಟಿನ ಪಡಸಾಲೆಯಲ್ಲಿ ಕಾಯುತ್ತಿದ್ದ ಹೋಟೆಲ್ ಮಾಣಿ ಕೊರಗನ ಕಿವಿಗೆ ಪಕ್ಕದ ಬೆಂಚಿನ ಇಬ್ಬರು ಡ್ರೈವರರ ಮಾತು ಬಿತ್ತು.

“ಗಾಡಿ ಜೋರ್ ಓಡ್ಸಿದವ್ರು ಸಾಹೇಬ್ರು. ಕೇಸ್ ನಿನ್ ಮ್ಯಾಲ ಹೆಂಗಾತೋ ಗದಿಗೆಪ್ಪ?”

“ಯಾರು ಓಡ್ಸಿದ್ದು ಅಂತ ಹವಾಲ್ದಾರ ಕೇಳ್ದ. ನಾನಽ ಅಂದೆ.”

“ಹಂಗ ಹೇಳಂತ ಸಾಹೇಬ್ರು ಅಂದ್ರೇನು?”

“ಇಲ್ಲ ಕಾಶಪ್ಪಣ್ಣ. ಅವ್ರು ಬಾಯಿ ತೆರೆಯೂದ್ರಾಗ ಅಂದ್ಬಿಟ್ಟಿದ್ದೆ.”

ಕೊರಗ ಹಲ್ಲು ಕಚ್ಚಿಕೊಂಡ.

“ಇದು ಮೂರನೇ ಕೇಸು. ಇವತ್ತು ಲೈಸೆನ್ಸ್ ಕಸ್ಕೋತಾರ. ಖರೇ ಹೇಳಿಬಿಡು.”

“ಸಾಹೇಬ್ರು ಹೊರಗ ಗಾಡ್ಯಾಗ ಕುಂತಾರ. ಇದು ಮುಗದ ಮ್ಯಾಲ ಅವ್ರನ್ನ ಗೋರೆಗಾಂವ್‌ಕ ಬಿಡಬೇಕು.”

“ಲೈಸೆನ್ಸ್ ಇಲ್ದ ಹೆಂಗ ಬಿಡ್ತಿ?”

ಅಷ್ಟರಲ್ಲಿ ಕೋರ್ಟಿನ ಪಟ್ಟೇವಾಲಾ ಗದಿಗೆಪ್ಪನ ಹೆಸರು ಕೂಗಿದ.

“ಅವ್ರಿಗೂ ಓಡ್ಸಾಕ ಬರ್ತೈತಲ್ಲ,” ಎನ್ನುತ್ತ ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಒಳಗೆ ಹೋದ.