ಪ್ರೈಮರ್ ದಪ್ಪಗೆ ಬೀಳಲಿ

...ಅದೇ ಹೇಳ್ತಿದ್ದೀನಲ್ಲ ಕಿರಣ, ಆ ಸಣ್ಣ ಸ್ಪ್ರೇ ಗನ್ ಪಕ್ಕಕ್ಕಿಡು. ಇಷ್ಟು ಜಾಗಕ್ಕೆ ಅದೇ ಸಾಕು ಅಂತೀಯ, ಸಾಕಾಗಲ್ಲ. ಒಂದು ಪಾಯಿಂಟ್ ಮೂರರ ನಾಝಲ್ ಕೊನೆಗೆ ಹೊಡಿಯೋ ಬಣ್ಣಕ್ಕೆ ಸರಿ. ಬಣ್ಣಕ್ಕೆ ಮೊದಲು ಹೊಡಿಯೋ ಪ್ರೈಮರ್ ಮಂದ, ಅದಕ್ಕೆ ಒಂದು ಪಾಯಿಂಟ್ ಎಂಟು ಬೇಕು. ಎರಡೇ ಬಾರ್ ಗಾಳಿ ಒತ್ತಡ, ಒಂದು ಗೇಣು ದೂರ, ಕೈ ಓಡ್ತಾನೇ ಇರ್ಬೇಕು... ಯಾಕೆ ನಗ್ತೀಯ? ನಾಪೋಕ್ಲಲ್ಲಿ ಹತ್ತು ವರ್ಷದಿಂದ ಪೇಂಟಿಂಗ್ ಶೆಡ್ ಇಟ್ಟಿರೋನು ನೀನೇ, ಒಪ್ಪಿದೆ. ನಾನೂ ಮೂರು ದಿನದಿಂದ ಮೊಬೈಲಲ್ಲಿ ಇದನ್ನೇ ನೋಡಿದ್ದೀನಿ.

ಈಗ ಜೀಪಿನ ಬಾಗಿಲ ಮೇಲಿರೋದಾ? ಅದು... ನಾನೇ ಹೊಡೆದದ್ದು. ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡಿಯೋ ಗನ್ನಲ್ಲಿ. ಅದೂ ಗನ್ನೇ ತಾನೆ ಮಾರಾಯ, ಅದಕ್ಕೂ ನಾಝಲ್ ಇದೆ. ಮೊದಲು ಬಣ್ಣ ಬರಲೇ ಇಲ್ಲ, ಆಮೇಲೆ ಒಂದೇ ಸಲ ಬಂತು. ಅರ್ಧ ಜೀಪಿಗೆ, ಅರ್ಧ ನಮ್ಮನೆ ನಾಯಿಗೆ. ಥಿನ್ನರಿಗೆ ವಾಷರೆಲ್ಲ ಕರಗಿ ಹೋಯ್ತು. ನಮ್ಮ ಮನೆಯವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಾಯಿನೂ ಅಷ್ಟೇ.

ಯಾಕೆ ಅಷ್ಟು ಅವಸರ ಅಂತೀಯಾ? ಆನೆ ಗುದ್ದಿದ ಬಾಗಿಲು ಮಾರಾಯ, ನೋಡಿದಾಗೆಲ್ಲ ಎದೆ ಹೊಡ್ಕೊಳುತ್ತೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಳ್ಳೋನಲ್ಲ ನಾನು... ಈಗ ಮುಟ್ಟಿಕೊಂಡದ್ದಾ? ಸೊಳ್ಳೆ.

ಏ, ಗಾಜಿಗೆ ಆ ಪೇಪರ್ ಅಂಟಿಸಬೇಡ. ಅದರಲ್ಲಿ ನನ್ನ ಫೋಟೋ ಇದೆ... ಓದ್ಬೇಡ, ಓದ್ಬೇಡ. ‘ಕಾಡಾನೆಗೆ ಬಸ್ ತಂಗುದಾಣ ಬಲಿ, ಹೋರಾಟ ಸಮಿತಿ ಅಧ್ಯಕ್ಷ ದೇರಪ್ಪ ಪ್ರಾಣಾಪಾಯದಿಂದ ಪಾರು.’ ಹೌದು, ನಾನೇ ಬರೆಸಿದ್ದು. ನಾಳೆ ಹತ್ತು ಗಂಟೆಗೆ ಅರಣ್ಯ ಇಲಾಖೆಯವರು ಜೀಪು ನೋಡೋಕೆ ಬರ್ತಾರೆ. ನೋಡಿ ಬರಕೊಂಡು ಹೋದ್ರೆ ಆ ಒಂಟಿಸಲಗವನ್ನ ಹಿಡಿದು ಆನೆ ಶಿಬಿರಕ್ಕೆ ಸಾಗಿಸ್ತಾರೆ.

ನೋಡೋಕೆ ಬರೋ ಮೊದಲೇ ಯಾಕೆ ಮುಚ್ಚೋದು ಅಂತೀಯಾ? ಮುಚ್ಚು ಅಂತ ಯಾರು ಹೇಳಿದ್ರು? ತಗ್ಗು ಹಾಗೇ ಇರಲಿ, ತಗ್ಗು ಬೇಕು. ತಟ್ಟಬೇಡ, ಪುಟ್ಟಿ ತುಂಬಬೇಡ. ಬರೀ ಪ್ರೈಮರ್ ಹೊಡಿ, ದಪ್ಪಗೆ.

ಹೂಂ, ಹಳೇದನ್ನ ಉಜ್ಜಿ ತೆಗೆಯದೆ ಹೊಸದು ಹಿಡಿಯಲ್ಲ, ಗೊತ್ತು. ಮೆತ್ತಗೆ ಉಜ್ಜು... ಸಾಕು. ಸಾಕು ಅಂದೆ. ಆ ತಗ್ಗಿನೊಳಗೆ ಬೇಡ.

...ಆ ನೀಲಿಯಾ? ಮೈಲುತುತ್ತು. ಬೋರ್ಡೋಗೆ ಹಾಕ್ತೀವಲ್ಲ, ಅದೇ. ಗನ್ನಲ್ಲಿ ಉಳಿದಿತ್ತು. ನೀರಿಗೆ ಹೋಗ್ಬೇಕಿತ್ತಾ? ಹೋಗುತ್ತೆ, ಇನ್ನೊಂದು ಸಲ ಒರೆಸು... ಥಿನ್ನರ್ ಯಾಕೆ? ಕಿರಣ, ಆ ಬಟ್ಟೆ ಬೆಳಕಿಗೆ ಹಿಡಿದು ಏನು ನೋಡ್ತೀಯ?



ಎಲ್ಲಿಗೆ ಹೋದೆ?... ಆ ಡಬ್ಬ ಯಾವುದು? ಓ. ಹೋದ ತಿಂಗಳು ತಂಗುದಾಣದ ಕಂಬಕ್ಕೆ ಹೊಡೆದು ಉಳಿದದ್ದು. ನೀನೇ ಕಲಸಿದ ನೀಲಿ. ಪಂಚಾಯಿತಿಯವರು ಬಿಳಿ ಸಾಕು ಅಂದಾಗ, ನೀಲಿನೇ ಇರಲಿ, ದೂರಕ್ಕೆ ಕಾಣುತ್ತೆ ಅಂತ ಹಟ ಹಿಡಿದವನು ನಾನೇ.

ದೂರಕ್ಕೆ ಕಾಣುತ್ತೆ, ಸರಿ. ನಾನು ರಸ್ತೆ ನೋಡ್ತಾ ಇರ್ಲಿಲ್ಲ... ಫೋನಲ್ಲಿದ್ದೆ. ಆನೆ ವಿರುದ್ಧದ ಸಭೆಗೆ ಜನ ಸೇರಿಸ್ತಿದ್ದೆ. ಜೀಪು ಅಡ್ಡ ತಿರುಗಿ ಬಾಗಿಲು ಹೋಗಿ ಕಂಬಕ್ಕೆ ಬಡೀತು. ಆನೆ ಇತ್ತು, ಅದು ಸುಳ್ಳಲ್ಲ. ರಸ್ತೆ ಆಚೆ ಹಲಸಿನ ಹಣ್ಣು ತಿಂತಾ ನಿಂತಿತ್ತು. ತಂಗುದಾಣ ಬಿದ್ದ ಸದ್ದಿಗೆ ಬೆಚ್ಚಿ, ಹಣ್ಣು ಅಲ್ಲೇ ಬಿಟ್ಟು ಓಡಿ ಹೋಯ್ತು, ಪಾಪ. ನನಗೂ ಸಂಕಟ ಆಗುತ್ತೆ ಕಿರಣ, ಆಗಲ್ಲ ಅಂತಲ್ಲ. ಆದ್ರೆ ಪೇಪರಲ್ಲಿ ಬಂದು ಹೋಯ್ತಲ್ಲ...

ಬೈದ್ರೂ ಪರವಾಗಿಲ್ಲ.

ಹೊಡಿಯದೇನೇ ಗನ್ ಯಾಕೆ ಮೊಳೆಗೆ ತೂಗಿಹಾಕ್ದೆ?

ಸರಿ, ನಿನ್ನ ಮಾತೇ ನಡೀಲಿ ಮಾರಾಯ... ಸಣ್ಣ ನಾಝಲೇ ಹಾಕು.