ಎದುರು ಕುಂತು ಬೀಸುವಾಕಿ

ವಿಜಾಪುರದ ಮೋಟರ್ ಸ್ಟ್ಯಾಂಡಿನಲ್ಲಿ ಟಿಕೋಟದ ಮೋಟರಿಗೆ ಕಾದು ಕೂತ ಶಿವಯೋಗೆಪ್ಪನಿಗೆ ಕಂಡವರ ಮಾತಿಗೆ ಕಿವಿ ಮುಚ್ಚಿಕೊಂಡು ಗೊತ್ತಿರಲಿಲ್ಲ. ಅವನ ಬೆನ್ನಿಗೇ ಕಾಳವ್ವ ಮತ್ತು ಅವಳ ಅಕ್ಕ, ಬಬಲೇಶ್ವರದ ಕಾಶಿಬಾಯಿ, ಕೂತಿದ್ದರು. ಕಾಳವ್ವನ ಮಗಳು, ಇಪ್ಪತ್ತರ ಗಂಗವ್ವ, ಎದುರಿನ ನಳದಲ್ಲಿ ನೀರು ಹಿಡಿಯುತ್ತಿದ್ದಳು. ಕಾಶಿಬಾಯಿಯ ಕಣ್ಣು ಅವಳ ಮೇಲೇ ಇತ್ತು.

“ಕೂಸು ತೀರಿಹೋದಮ್ಯಾಗ ಗಂಗವ್ವಗ ಒಂದು ಕೆಲಸ ಹಚ್ಚಿಲ್ಲಕ್ಕಾ. ಆರಾಮ ಇರ್ಲಿ ಅಂತ ಒಳಗ ಒಬ್ಬಾಕಿನ್ನ ಬಿಟ್ಟಿದ್ದೆ.”

“ಅಲ್ಲೇ ತಪ್ಪಿದಿ ಕಾಳವ್ವಾ. ಮದಿವಿ ಸೀರಿ ನನ್ನ ಸೊಸಿಗೆ ಕಳಿಸಿ, ‘ಇನ್ನ ನನಗ ಬ್ಯಾಡ’ ಅಂದಾಳ. ಅದಕ್ಕ ನಿನ್ನೆ ಓಡಿ ಬಂದೆ.”

“ಮುಂಜಾನಿ ಬೀಸುಕಲ್ಲಿಗೆ ಯಾಕ ಕುಂದ್ರಿಸಿದಿ?”

“ಒಂದೇ ಗೂಟ, ನಾಕು ಕೈ. ಎದುರು ಕುಂತಾಕಿ ಮಾರಿ ಎಲ್ಲಿ ಮುಚ್ಕೊಂತಾಳ? ‘ಸಾಯಬೇಕು ಅನಸ್ತೈತೇನವಾ?’ ಅಂತ ಕೇಳೇಬಿಟ್ಟೆ.”

“ಯವ್ವಾ! ಕೇಳಿದ್ರ ಇಲ್ಲದ ವಿಚಾರ ತಲಿಗೆ ಬರೂದಿಲ್ಲೇನು?”

“ಮೊದಲೇ ಇತ್ತು ತಂಗಿ. ಯಾರರ ಕೇಳ್ತಾರೇನು ಅಂತ ಕಾದಿದ್ಲು. ಹಿಟ್ಟು ತೊಯ್ಯೂಹಂಗ ಅತ್ತಳು. ಆಮ್ಯಾಲ ರೊಟ್ಟಿ ಉಂಡಳು.”

“ಮತ್ತ ಹಂಗ ಅನಿಸಿದ್ರ?”

“ಯಾವ ಹೊತ್ತಾದ್ರೂ ನನ್ನ ಎಬ್ಬಸ್ತೀನಿ ಅಂತ ಮಾತು ಕೊಟ್ಟಾಳ. ಈಗ ಕರಕೊಂಡು ಹೊಂಟೀನಲ್ಲ, ನಮ್ಮನ್ಯಾಗ ಆಕಿ ಹಾಸಿಗಿ ನನ್ನ ಮಗ್ಗಲಕ್ಕ. ನೀ ಹೆದರಬ್ಯಾಡ.”

ಬಬಲೇಶ್ವರದ ಮೋಟರ್ ಗುರುಗುಟ್ಟಿತು. ಗಂಗವ್ವ ತಂಬಿಗೆ ಹಿಡಿದು ಬಂದಳು.

“ನಡಿಯವಾ, ನಾಳೆ ಜ್ವಾಳ ಬೀಸೂದೈತಿ,” ಎಂದು ಕಾಶಿಬಾಯಿ ಅವಳ ಕೈ ಹಿಡಿದಳು.

“ಬೀಸ್ತೀನಿ ದೊಡ್ಡವ್ವಾ. ಆದ್ರ ನಿನ್ನ ಸೊಸಿಗೆ ಹೇಳು,” ಎಂದಳು ಗಂಗವ್ವ, ಮೋಟರ್ ಹತ್ತುತ್ತ. “ನನ್ನ ಸೀರಿ ನನಗ ಬೇಕು.”